ಸಭಾಪಾಲಕರ ಮೇಲೆ ಸಿಟ್ಟು ಬೇಡ, ಕಾರ್ಕಳದ ಬಸ್ಸು ಹತ್ತಿ

ಉಡುಪಿಯ ಈ ಪತ್ರ ಎರಡು ದಿನದಿಂದ ನನ್ನ ಮೇಜಿನ ಮೇಲೇ ಇದೆ, ಎತ್ತಿಡಲು ಮನಸ್ಸಾಗುತ್ತಿಲ್ಲ.

ನಿಮಗೆ 48 ವರ್ಷ. ಅಜ್ಜ ಬಾಸೆಲ್ ಮಿಶನ್ ಅನ್ನುವ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆಯ ಹಂಚಿನ ಕಾರ್ಖಾನೆಯಲ್ಲಿದ್ದವರು. ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳ ಕೂಟದಲ್ಲಿ ಚರ್ಚಿನ ಹೊಸ ಸಭಾಪಾಲಕರು ‘ಒಬ್ಬೊಬ್ಬರೂ ಪಾಪ ಒಪ್ಪಿಕೊಂಡು ದೇವರ ಕಡೆ ತಿರುಗಿಕೊಳ್ಳಿ’ ಎಂದು ಕರೆದಾಗ ಹೆಂಡತಿ, ಮಗಳು ಎದ್ದು ಮುಂದೆ ಹೋದರು, ನೀವು ಬೆಂಚು ಬಿಟ್ಟು ಕದಲಲಿಲ್ಲ. ‘ಕದ್ದವನಲ್ಲ, ಕುಡಿಯುವವನಲ್ಲ, ಸುಮ್ನೆ ಪಾಪಿ ಅಂತ ಯಾಕೆ ಒಪ್ಪಲಿ?’ ಅಂತ ಕೇಳಿದ್ದೀರಿ. ಅಂದಿನಿಂದ ಮನೆಯಲ್ಲಿ ಮಾತು ಕಮ್ಮಿ.

ಎದ್ದು ಹೋಗದ್ದಕ್ಕೆ ನನ್ನ ತಕರಾರಿಲ್ಲ. ಮೈಕಿನಲ್ಲಿ ಕರೆದ ಕೂಡಲೇ ಎಲ್ಲರೆದುರು ಅಳಬೇಕಾಗಿಲ್ಲ. ಆದರೆ ಬಾಸೆಲ್ ಮಿಶನ್ ಹೆಸರು ಹೇಳಿ ಜಾರಿಕೊಳ್ಳಬೇಡಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನರಿಗಳೇ, ಕ್ರೈಸ್ತರ ಮನೆಯಲ್ಲಿ ಹುಟ್ಟಿದರೆ ಸಾಲದು, ಒಬ್ಬೊಬ್ಬನೂ ತಾನೇ ತಿರುಗಬೇಕು ಅನ್ನುತ್ತಿದ್ದವರು.

ನನ್ನ ಕಣ್ಣು ನಿಂತಿದ್ದು ಪತ್ರದ ಕೊನೆಯಲ್ಲಿ. ಅದೂ ಕಂಸದೊಳಗೆ ಬರೆದಿದ್ದೀರಿ: ‘ಕಾರ್ಕಳದ ಅಕ್ಕ ಆರು ವರ್ಷದಿಂದ ಬರುವುದಿಲ್ಲ, ಅಪ್ಪನ ಜಾಗದ ಪೇಪರಿಗೆ ಚಿಕ್ಕಪ್ಪ ಸಹಿ ಹಾಕಿಸಿದ್ದು ಅವಳಿಗೆ ಬೇಸರ.’ ಬೇಸರವಂತೆ! ಅಪ್ಪ ವಿಲ್ ಬರೆಯದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕ್ರೈಸ್ತ ಮಗನಿಗೂ ಮಗಳಿಗೂ ಸಮಪಾಲು. ‘ಮದುವೆಗೆ ಚಿನ್ನ ಹಾಕಿಲ್ವಾ’ ಅನ್ನುತ್ತಾ ಛಾಪಾ ಕಾಗದ ಹಿಡಿದು ಬರುವ ಚಿಕ್ಕಪ್ಪಂದಿರು ಊರಿಗೊಬ್ಬರಿರ್ತಾರೆ. ನಿಮ್ಮವರ ಮೇಲೆ ನನಗೆ ನಿಮಗಿಂತ ಜಾಸ್ತಿ ಕೋಪ. ಹಾಗಂತ ಜಾಗ ಈಗ ಚಿಕ್ಕಪ್ಪನ ಹೆಸರಲ್ಲಿಲ್ಲ, ನಿಮ್ಮ ಹೆಸರಲ್ಲಿದೆ, ಅಲ್ವಾ? ಮನಸ್ಸಿಗೆ ನೆಮ್ಮದಿಯಿಲ್ಲ ಅಂತ ಶುರುವಾಗುವ ಪತ್ರಗಳು ಎಷ್ಟೋ ಸಲ ಪಹಣಿಯಲ್ಲಿ ಮುಗಿಯುತ್ತವೆ, ಇದನ್ನು ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ.

ಸಂಡೇ ಸ್ಕೂಲಿನಲ್ಲಿ ಜಕ್ಕಾಯನ ಕತೆ ಕೇಳಿಯೇ ಇರುತ್ತೀರಿ, ಯೇಸುವನ್ನು ನೋಡಲು ಮರ ಹತ್ತಿದ ಕುಳ್ಳ ಸುಂಕದವನು. ಅವನು ಅತ್ತ ಅಂತ ಲೂಕನ ಸುವಾರ್ತೆಯಲ್ಲಿ ಎಲ್ಲೂ ಇಲ್ಲ. ಅರ್ಧ ಆಸ್ತಿ ಬಡವರಿಗೆ, ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ನಿಮ್ಮಿಂದ ನಾಲ್ಕರಷ್ಟು ಯಾರೂ ಕೇಳುತ್ತಿಲ್ಲ.

ಒಂದೇ ಕೆಲಸ ಮಾಡಿ. ಈ ಶನಿವಾರ ಕಾರ್ಕಳಕ್ಕೆ ಒಬ್ಬರೇ ಹೋಗಿ. ಕೇಕು, ಸೀರೆ ಏನೂ ಬೇಡ, ಅಕ್ಕ ಸಹಿ ಹಾಕಿದ ಆ ಹಕ್ಕು ಬಿಡುಗಡೆ ಪತ್ರದ ಪ್ರತಿ ಸಾಕು. ‘ನಿನ್ನ ಪಾಲು ನಿನಗೆ ಬರೆದುಕೊಡ್ತೇನೆ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಯಾವತ್ತು ಹೋಗೋಣ?’ ಅಂತ ಕೇಳಿ. ಭಾವ ಬಾಗಿಲಲ್ಲೇ ಬೈದರೆ ಬೈಸಿಕೊಳ್ಳಿ.