ರೋಡ್ ಟ್ರೇನ್ ಕೆಲಸಕ್ಕೆ ಬರೋ ಮುಂಚೆ ಕೊನೇ ಟ್ರೇಲರ್ ಬಗ್ಗೆ ತಿಳ್ಕೊಳ್ಳಿ

ಬಳ್ಳಾರಿ ಕಡೆ ಅದಿರಿನ ಟ್ರೇಲರ್ ಓಡಿಸಿದ್ದೀನಿ, ಆಸ್ಟ್ರೇಲಿಯಾದಲ್ಲಿ ರೋಡ್ ಟ್ರೇನ್ (ಒಂದೇ ಲಾರಿ ಹಲವು ಟ್ರೇಲರ್ ಸಾಲಾಗಿ ಎಳೆಯೋ ಗಾಡಿ) ಕೆಲಸಕ್ಕೆ ನೇರವಾಗಿ ಬರಬಹುದಾ, ರಸ್ತೆ ಹೇಗೂ ಖಾಲಿ ಅಲ್ವಾ ಅಂತ ಕೇಳಿದ್ದೀರಿ. ನೇರವಾಗಿ ಆಗಲ್ಲ. ಖಾಲಿ ರಸ್ತೆ ನಂಬ್ಕೊಂಡು ಬರಬೇಡಿ.

ಮೊದಲು ಕಾಗದಪತ್ರದ ಮಾತು ಮುಗಿಸ್ತೀನಿ. ಬೇಕಾಗಿರೋದು ಮಲ್ಟಿ ಕಾಂಬಿನೇಷನ್ ಲೈಸೆನ್ಸ್, ಎಲ್ಲರೂ ಎಂಸಿ ಅಂತಾರೆ. ಅದಕ್ಕೆ ಮುಂಚೆ ಎಚ್‌ಆರ್ (ದೊಡ್ಡ ರಿಜಿಡ್ ಲಾರಿಯದ್ದು) ಅಥವಾ ಎಚ್‌ಸಿ (ಒಂದು ಟ್ರೇಲರ್ ಎಳೆಯೋ ಲಾರಿಯದ್ದು) ಲೈಸೆನ್ಸ್ ಸಾಮಾನ್ಯವಾಗಿ ಕನಿಷ್ಠ 1 ವರ್ಷ ಕೈಯಲ್ಲಿರಬೇಕು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಟೆಸ್ಟ್ ಕೊಟ್ಟರೆ ಮ್ಯಾನ್ಯುಯಲ್ ಓಡಿಸೋ ಹಾಗಿಲ್ಲ ಅಂತ ಲೈಸೆನ್ಸ್ ಮೇಲೆ ಷರತ್ತು ಬೀಳುತ್ತೆ, ಆದ್ದರಿಂದ 18 ಗೇರಿನ ರೋಡ್‌ರೇಂಜರ್ ಮ್ಯಾನ್ಯುಯಲ್ ಗೇರ್‌ಬಾಕ್ಸ್‌ನಲ್ಲೇ ಕಲಿತು ಕೊಡಿ. ವೀಸಾ ವಿಷಯದಲ್ಲಿ, ಟ್ರಕ್ ಡ್ರೈವರ್ ಇಲ್ಲಿ ಸ್ಕಿಲ್ ಲೆವೆಲ್ 4ರ, ಅಂದ್ರೆ ಕೆಳಗಿನ ಮಟ್ಟದ ಕೆಲಸ. ಸಾಫ್ಟ್‌ವೇರ್‌ನವರು ಬರೋ, ವಯಸ್ಸು-ಓದಿಗೆ ಅಂಕ ಕೊಡೋ ಪಾಯಿಂಟ್ಸ್ ವೀಸಾ ದಾರಿ ಇದಕ್ಕಿಲ್ಲ. ಲಕ್ಷಗಟ್ಟಲೆ ಕೇಳಿ "ಗ್ಯಾರಂಟಿ" ಅನ್ನೋ ಏಜೆಂಟ್ ಸಿಕ್ಕರೆ ಅಲ್ಲಿಂದಲೇ ಎದ್ದು ಬನ್ನಿ.

ಈಗ ಗಾಡಿ. ದಕ್ಷಿಣದ ಪೋರ್ಟ್ ಅಗಸ್ಟಾದಿಂದ ಉತ್ತರದ ಡಾರ್ವಿನ್‌ವರೆಗಿನ ಸ್ಟುವರ್ಟ್ ಹೈವೇ ಸುಮಾರು 2,700 ಕಿ.ಮೀ. ಆ ಕಡೆ ಕಾಣೋ ಟ್ರಿಪಲ್ ಅಂದ್ರೆ ಒಂದು ಪ್ರೈಮ್ ಮೂವರ್ (ಎಳೆಯೋ ಲಾರಿ), ಮೂರು ಟ್ರೇಲರ್, ನಡುವೆ ಎರಡು ಡಾಲಿ (ಹಿಂದಿನ ಟ್ರೇಲರಿನ ಮುಂಭಾಗ ಹೊರೋ ಚಿಕ್ಕ ಚಕ್ರದ ಗಾಡಿ). ಉದ್ದ 53.5 ಮೀಟರ್‌ವರೆಗೆ, ಲೋಡ್ ಸೇರಿ ಸುಮಾರು 115 ಟನ್. ಡಾಲಿಗೆ ಎರಡೆರಡು ಆ್ಯಕ್ಸಲ್ ಇದ್ದರೆ ನೆಲಕ್ಕೆ ತಾಗೋ ಟೈರ್ 62.

ನೀವು ಕ್ಯಾಬಿನ್‌ನಲ್ಲಿ ಮಾಡೋ ಸಣ್ಣ ತಪ್ಪೂ ಕೊನೇ ಟ್ರೇಲರಿಗೆ ಹೋಗೋ ಹೊತ್ತಿಗೆ ದೊಡ್ಡದಾಗಿರುತ್ತೆ. ಬಾರುಕೋಲಿನ ಹಿಡಿ ಒಂದಂಗುಲ ಆಡಿದರೆ ತುದಿ ಎಷ್ಟು ಬೀಸುತ್ತೆ ನೋಡಿ, ಹಾಗೆ. ಅದಕ್ಕೇ ಭಾರದ ಟ್ರೇಲರ್ ಮುಂದೆ, ಹಗುರದ್ದು ಕೊನೆಗೆ. ಒಂದೇ ಟ್ರೇಲರ್ ಒಳಗೂ ಭಾರವೆಲ್ಲ ಹಿಂಬದಿಗೆ ಬಿದ್ದರೆ, ಅಥವಾ ಡಾಲಿ ಟೈರಲ್ಲಿ ಗಾಳಿ ಕಮ್ಮಿ ಇದ್ದರೆ, ಕನ್ನಡಿಯಲ್ಲಿ ಬಾಲ ಓಲಾಡೋದು ಕಾಣುತ್ತೆ. ಆಗ ಸ್ಟೀರಿಂಗ್ ತಿರುಗಿಸಿ ಸರಿಮಾಡೋಕೆ ಹೋಗಬೇಡಿ. ನೇರ ಹಿಡಿದು ಆ್ಯಕ್ಸಿಲರೇಟರ್ ಮೆಲ್ಲಗೆ ಬಿಡಿ. ಎಡಗಾಲಿ ಡಾಂಬರು ಬಿಟ್ಟು ಜಲ್ಲಿಗೆ ಇಳಿದರೂ ಇದೇ ಮಾತು. ತಟ್ಟನೆ ಮೇಲೆಳೆದರೆ ಮುಂದಿನದು ಹತ್ತುತ್ತೆ, ಹಿಂದಿನದು ಮಗುಚುತ್ತೆ. ವೇಗ ಇಳಿಸಿ, ಆಮೇಲೆ ಹತ್ತಿಸಿ.

ಜೋಡಿಸೋ ಕೆಲಸದಲ್ಲಿ ಅವಸರ ಬೇಡ. ಟ್ರೇಲರ್ ಅಡಿಯ ಸ್ಕಿಡ್ ಪ್ಲೇಟ್, ಅದು ಕೂರೋ ಟರ್ನ್‌ಟೇಬಲ್‌ಗಿಂತ (ಲಾರಿ ಅಥವಾ ಡಾಲಿ ಮೇಲಿನ ಜೋಡಣೆ ತಟ್ಟೆ) ಒಂಚೂರು ತಗ್ಗಿರಬೇಕು. ಎತ್ತರ ಇದ್ದರೆ ಟ್ರೇಲರಿನ ಜೋಡಣೆ ಪಿನ್, ಅಂದ್ರೆ ಕಿಂಗ್‌ಪಿನ್, ಟರ್ನ್‌ಟೇಬಲ್‌ನ ಹಿಡಿಯೋ ದವಡೆಯ ಮೇಲೇ ಕೂರುತ್ತೆ, ಸದ್ದು ಮಾತ್ರ ಸರಿಯಾಗಿ ಬರುತ್ತೆ. ಸದ್ದು ನಂಬಬೇಡಿ. ಟ್ರೇಲರ್ ಬ್ರೇಕ್ ಹಿಡಿದು ಲೋ ಗೇರಲ್ಲಿ ಎರಡು ಸಲ ಎಳೆದು ನೋಡಿ, ಆಮೇಲೆ ಇಳಿದು ಟಾರ್ಚ್ ಹಾಕಿ ನೋಡಿ: ದವಡೆ ಪಿನ್ನನ್ನು ಪೂರ್ತಿ ಸುತ್ತಿರಬೇಕು, ಪ್ಲೇಟಿಗೂ ಟರ್ನ್‌ಟೇಬಲ್‌ಗೂ ನಡುವೆ ಬೆಳಕು ಕಾಣಬಾರದು. ಏರ್ ಲೈನ್, ವೈರ್ ಹಾಕಿ, ಟ್ರೇಲರ್ ನಿಲ್ಲಿಸೋ ಕಾಲುಗಳನ್ನ ಎತ್ತಿ.

ಉಳಿದದ್ದು ಬ್ರೇಕ್ ಗಾಳಿಯ ಏರ್ ಟ್ಯಾಪ್. ಸಪ್ಲೈ ಟ್ಯಾಪಿನ ಗಾಳಿ ಸ್ಪ್ರಿಂಗ್ ಬ್ರೇಕ್ ಬಿಡಿಸುತ್ತೆ, ಸರ್ವಿಸ್ ಟ್ಯಾಪಿನದ್ದು ಪೆಡಲ್ ಒತ್ತಿದಾಗ ಬ್ರೇಕ್ ಹಾಕುತ್ತೆ. ನಡುವಿನವೆಲ್ಲ ತೆರೆದಿರಬೇಕು, ಕೊನೇ ಟ್ರೇಲರಿನ ಹಿಂದಿನವು ಮುಚ್ಚಿರಬೇಕು. ಸಪ್ಲೈ ಟ್ಯಾಪ್ ಮರೆತರೆ ಹಿಂದಿನ ಸ್ಪ್ರಿಂಗ್ ಬ್ರೇಕ್ ಬಿಡೋದೇ ಇಲ್ಲ, ನಿಮಗೇ ಗೊತ್ತಾಗುತ್ತೆ. ಸರ್ವಿಸ್ ಟ್ಯಾಪ್ ಮರೆತರೆ ಗಾಡಿ ಆರಾಮಾಗಿ ಹೊರಡುತ್ತೆ. ಪೆಡಲ್ ಒತ್ತಿದಾಗ ಹಿಂದಿನ ಟ್ರೇಲರಿಗೆ ಬ್ರೇಕೇ ಇರಲ್ಲ. ಪರೀಕ್ಷೆ ಸುಲಭ: ಟ್ರೇಲರ್ ಹ್ಯಾಂಡ್ ಬ್ರೇಕ್ (ಪಾರ್ಕಿಂಗ್ ಬ್ರೇಕ್ ಅಲ್ಲ, ಟ್ರೇಲರಿನ ಸರ್ವಿಸ್ ಬ್ರೇಕ್ ಹಾಕೋ ಲಿವರ್) ಹಾಕಿ, ಕೊನೆಗೆ ನಡೆದು ಹೋಗಿ ಸರ್ವಿಸ್ ಟ್ಯಾಪ್ ಒಂದು ಕ್ಷಣ ತೆಗೀರಿ, ಗಾಳಿ ಬುಸ್ಸನೆ ಬರಬೇಕು. ಮುಚ್ಚೋದು ಮರೀಬೇಡಿ.

ರಿವರ್ಸ್ ಆಸೆ ಬಿಡಿ. ಎರಡು ಡಾಲಿ ಎಂದರೆ ಮಡಚೋ ಕೀಲುಗಳು ಐದು. ದಾರಿ ತಪ್ಪಿ ಒಳಗೆ ಹೋದರೆ ಒಂದೊಂದಾಗಿ ಬಿಚ್ಚಿ ಹೊರಗೆ ತರಬೇಕು. ಆದ್ದರಿಂದ ತಿರುಗೋ ಜಾಗ ಮೊದಲೇ ವಿಚಾರಿಸಿ.

ನಿಂತಲ್ಲೆಲ್ಲ ಒಂದು ಸುತ್ತು ಬನ್ನಿ. ಒಳಗಿನ ಟೈರ್ ಸತ್ತರೆ ಕ್ಯಾಬಿನ್‌ಗೆ ತಿಳಿಯಲ್ಲ. ಪಕ್ಕದ್ದಕ್ಕೆ ಉಜ್ಜಿ ಬಿಸಿಯಾಗಿ ಬೆಂಕಿ ಹತ್ತುತ್ತೆ. ಟೈರ್ ತಟ್ಟಿ ನೋಡಿ, ಅಂಗೈ ಹಿಂಭಾಗವನ್ನು ಹಬ್ ಹತ್ತಿರ ಹಿಡಿಯಿರಿ. ಒಂದೇ ಹಬ್ ಉಳಿದವುಗಳಿಗಿಂತ ಬಿಸಿ ಇದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದಿದೆ ಅಂತ ಅರ್ಥ.

ರಾತ್ರಿ ಕಾಂಗರೂ ಬರುತ್ತೆ, ಬೇಲಿ ಇಲ್ಲದ ಕಡೆ ದನ ಮಲಗಿರುತ್ತೆ. ನೇರ ಹಿಡಿದು ಬ್ರೇಕ್ ಹಾಕಿ, ಪಕ್ಕಕ್ಕೆ ಎಳೀಬೇಡಿ. ದನ ಕಂಡರೆ ಕೈ ತಾನಾಗೇ ತಿರುಗೋ ನಮ್ಮವರಿಗೆ ಇದು ಹೇಳಿದಷ್ಟು ಸುಲಭ ಅಲ್ಲ. ರಾತ್ರಿ ವೇಗ ಕಮ್ಮಿ ಇಡೋದೊಂದೇ ದಾರಿ. ಮೊಬೈಲ್ ಸಿಗ್ನಲ್ ನೂರಾರು ಕಿ.ಮೀ. ಇರಲ್ಲ, ಲಾರಿಯವರು ಪರಸ್ಪರ ಮಾತಾಡೋ ಯುಎಚ್‌ಎಫ್ ರೇಡಿಯೋ 40ನೇ ಚಾನೆಲ್‌ನಲ್ಲಿಡಿ. ಕೆಟ್ಟು ನಿಂತರೆ ಗಾಡಿ ಬಿಟ್ಟು ನಡೆದು ಹೋಗಬೇಡಿ.

ಕೆಲಸದ ಗಂಟೆಗೂ ಲೆಕ್ಕ ಇದೆ. ಭಾರೀ ವಾಹನಗಳ ರಾಷ್ಟ್ರೀಯ ಕಾಯ್ದೆಯ ಸ್ಟ್ಯಾಂಡರ್ಡ್ ನಿಯಮದಲ್ಲಿ ಐದೂವರೆ ಗಂಟೆಯೊಳಗೆ 15 ನಿಮಿಷ ವಿರಾಮ, 24 ಗಂಟೆಯಲ್ಲಿ ಗರಿಷ್ಠ 12 ಗಂಟೆ ಕೆಲಸ, ಒಟ್ಟಿಗೆ 7 ಗಂಟೆ ವಿಶ್ರಾಂತಿ. ಪಶ್ಚಿಮ ಆಸ್ಟ್ರೇಲಿಯಾ, ನಾರ್ದರ್ನ್ ಟೆರಿಟರಿಗೆ ಈ ಕಾಯ್ದೆ ಇಲ್ಲ, ಅವರದೇ ನಿಯಮ. ಲೋಡಿಂಗ್, ಜೋಡಣೆಯೂ ಕೆಲಸದ ಸಮಯವೇ. ಹಾಗಾಗಿ ಸಂಬಳ ಕಿಲೋಮೀಟರ್ ಲೆಕ್ಕ ಅಂದರೆ, ಟ್ರೇಲರ್ ಬಿಚ್ಚಿ ಜೋಡಿಸೋ ಹೊತ್ತಿಗೆ ಬೇರೆ ದುಡ್ಡು ಕೊಡ್ತಾರಾ ಅಂತ ಸೇರೋ ಮುಂಚೆಯೇ ಕೇಳಿ, ಬರೆದು ಕೊಡಿಸಿಕೊಳ್ಳಿ.