ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು ಇನ್ನೊಬ್ಬರಿಗೆ ಹೇಗೆ ನೆರವಾಗಬಹುದು? ಅದಕ್ಕೆ ಮನಃಶಾಸ್ತ್ರ ಓದಿರಬೇಕಾ?

ಬೈಪೋಲಾರ್‌ಗೆ (ಮನಸ್ಸು ಕೆಲವೊಮ್ಮೆ ವಿಪರೀತ ಉಬ್ಬುವ, ಕೆಲವೊಮ್ಮೆ ಪೂರ್ತಿ ಕುಗ್ಗುವ ಕಾಯಿಲೆ) ಮಾತ್ರೆ ತೆಗೆದುಕೊಳ್ಳುತ್ತಾ ಉಡುಪಿಯಲ್ಲಿ ಕೆಲಸಕ್ಕೂ ಹೋಗುತ್ತಿದ್ದೀರಿ, ಇದೇ ಕಷ್ಟದಲ್ಲಿರುವವರಿಗೆ ಏನಾದರೂ ಮಾಡುವ ಆಸೆ ಇದೆ, ಆದರೆ ಓದಿಲ್ಲ ಅಂತ ಹಿಂಜರಿಕೆ ಎಂದು ಬರೆದಿದ್ದೀರಿ. ಹಿಂಜರಿಯಬೇಡಿ. ನಾನೂ ಓದಿಲ್ಲ. ಮಂಗಳೂರಿನವಳು, ನನಗೂ ಬೈಪೋಲಾರ್, ಅದಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ. ಕೆಲವು ವರ್ಷಗಳಿಂದ ನಮ್ಮಂಥವರ ಜೊತೆ ಆಸ್ಪತ್ರೆಗೆ ಹೋಗಿಬರುತ್ತಿದ್ದೇನೆ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ನಿಮಗೆ ಗೊತ್ತಿರುತ್ತವೆ. ಅಲ್ಲಿ ಕುಡಿತ ಬಿಟ್ಟವರು ಆಮೇಲೆ ನವಜೀವನ ಸಮಿತಿ ಅಂತ ಸೇರುತ್ತಾರೆ. ಮತ್ತೆ ಕುಡಿಯಬೇಕು ಅನ್ನಿಸಿದವನಿಗೆ, ಅದೇ ಕಷ್ಟ ದಾಟಿ ಬಂದವನು ಹೇಳಿದ ಮಾತು ತಾಗುತ್ತದೆ. ಕುಡಿತದ ವಿಷಯದಲ್ಲಿ ಊರು ಇದನ್ನು ಒಪ್ಪಿಕೊಂಡಿದೆ. ಬೈಪೋಲಾರ್, ಸ್ಕಿಜೋಫ್ರೇನಿಯಾ ಅಂದಕೂಡಲೇ ಮಾತ್ರ "ಪಾಪ, ಇವರಿಗೇ ಮಂಡೆ ಸರಿಯಿಲ್ಲ, ಇವರೇನು ಮಾಡಿಯಾರು" ಅನ್ನುತ್ತಾರೆ. ಇದು ಅನ್ಯಾಯ ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ.

ನಮ್ಮಿಂದ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗುವ ಕೆಲಸ ಒಂದಿದೆ. ಕಾಯಿಲೆ ಇರುವವರ ಮಾತು ಅವರ ಬಾಯಿಂದಲೇ ಬರುವ ಹಾಗೆ ನೋಡಿಕೊಳ್ಳುವುದು. ಓಪಿಡಿಯಲ್ಲಿ ಏನಾಗುತ್ತದೆ ಅಂತ ನೀವೂ ಕಂಡಿದ್ದೀರಿ ಅಲ್ವಾ? ಗಂಟೆಗಟ್ಟಲೆ ಕಾದು ಒಳಗೆ ಹೋದರೆ ಡಾಕ್ಟರ್ ಕೇಳುವುದು ಅಮ್ಮನನ್ನು. "ನಿದ್ದೆ ಮಾಡ್ತಾಳಾ? ಮಾತ್ರೆ ನುಂಗ್ತಾಳಾ? ಸಿಟ್ಟು ಮಾಡ್ತಾಳಾ?" ನಾವು ಪಕ್ಕದ ಸ್ಟೂಲಿನಲ್ಲಿ ಸುಮ್ನೆ ಕೂತಿರುತ್ತೇವೆ. ಹಾಗಾಗಿ ನಾನು ಜೊತೆಗೆ ಹೋಗುವವರ ಹತ್ತಿರ ಹಿಂದಿನ ದಿನವೇ ಒಂದು ಚೀಟಿ ಬರೆಸುತ್ತೇನೆ. ಒಬ್ಬ ಹುಡುಗ ಬರೆದದ್ದು ಇಷ್ಟೇ: "ಬೆಳಗಿನ ಜಾವ ದಕ್ಕೆಗೆ ಹೋಗಲು ಎಚ್ಚರ ಆಗುವುದಿಲ್ಲ. ಹೀಗೇ ಆದರೆ ಕೆಲಸ ಹೋಗುತ್ತದೆ." ಬಂದರಿನ ದಕ್ಕೆಯಲ್ಲಿ ಮೀನು ಇಳಿಸುವ ಕೆಲಸ ಅವನದ್ದು. ಮನೆಯವರು ಅದನ್ನು ಸೋಮಾರಿತನ ಅಂದುಕೊಂಡಿದ್ದರು. ಡಾಕ್ಟರ್ ಚೀಟಿ ಓದಿ, ಅವನನ್ನೇ ನೋಡಿ ನಾಲ್ಕು ಪ್ರಶ್ನೆ ಕೇಳಿ, ರಾತ್ರಿ ಮಾತ್ರೆಯ ಹೊತ್ತು ಬದಲಾಯಿಸಿದರು.

ಡೋಸ್ ವಿಷಯಕ್ಕೆ ಮಾತ್ರ ನಾವು ಬಾಯಿ ಹಾಕಬಾರದು. ನಮಗೆ ಆಗಿಬಂದ ಮಾತ್ರೆ ಇನ್ನೊಬ್ಬರಿಗೆ ಆಗಿಬರಬೇಕೆಂದಿಲ್ಲ. ಆದರೆ ತಿಳಿದಿರುವ ಎಚ್ಚರಿಕೆಯನ್ನು ಖಂಡಿತ ಹೇಳಬಹುದು. ನಮ್ಮ ಏಪ್ರಿಲ್-ಮೇ ಸೆಖೆಯಲ್ಲಿ ಬೆವರು ಸುರಿದು ಮೈಯಲ್ಲಿ ನೀರು ಕಮ್ಮಿಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಮೈಕೈ ನೋವಿಗೆ ಅಂತ ಐಬುಪ್ರೊಫೇನ್ ನುಂಗಿದರೂ ಏರಬಹುದು. ವಾಂತಿ, ಭೇದಿ, ಜೋರು ನಡುಕ, ಮಾತು ತೊದಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಕಾನೂನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಮ್ಮ ಕೈಗೆ ಒಂದು ಒಳ್ಳೆಯ ಹಿಡಿತ ಕೊಟ್ಟಿದೆ. 5ನೇ ಸೆಕ್ಷನ್ ಪ್ರಕಾರ 18 ತುಂಬಿದ ಯಾರೇ ಆಗಲಿ, ಮುಂದೆ ಕಾಯಿಲೆ ಜೋರಾದಾಗ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡಬಹುದು. ಇದಕ್ಕೆ ಮುಂಗಡ ನಿರ್ದೇಶನ ಅನ್ನುತ್ತಾರೆ. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ, ಅದನ್ನು ಮೊದಲೇ ತಿಳಿದಿರಿ. 14ನೇ ಸೆಕ್ಷನ್ನಿನಲ್ಲಿ ನಮ್ಮ ಪರ ಮಾತಾಡುವ ಪ್ರತಿನಿಧಿಯನ್ನು ನಾವೇ ಹೆಸರಿಸಬಹುದು. ಬಿಳಿ ಹಾಳೆ, ನಮ್ಮ ಸಹಿ, ಅವರ ಒಪ್ಪಿಗೆ ಸಾಕು. ಅವರು ನೆಂಟರೇ ಆಗಬೇಕೆಂದಿಲ್ಲ. ಗಂಡನ ಮನೆಯವರ ಹತ್ತಿರ ಕಾಯಿಲೆ ಮುಚ್ಚಿಟ್ಟಿರುವ ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಆಸರೆ ಅಂತ ಹೇಳಿ ತೀರದು. ಇಷ್ಟಿದ್ದರೂ ನಾನು ಕಂಡವರಲ್ಲಿ ಹೆಚ್ಚಿನವರಿಗೆ ಈ ಹಕ್ಕು ಇದೆ ಅಂತಲೇ ಗೊತ್ತಿರಲಿಲ್ಲ.

ಯಾರಾದರೂ ಸಾಯುವ ಮಾತಾಡಿದರೆ ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬೇಡಿ. ಅವರನ್ನು ಒಬ್ಬರೇ ಬಿಡಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಶುರು ಮಾಡುವುದಾದರೆ ಮೊದಲು ನಿಮ್ಮದೇ ಹಾಳೆ ಬರೆಯಿರಿ. ಯಾವ ಮಾತ್ರೆ ಆಗಿಬರಲಿಲ್ಲ, ನಿದ್ದೆ ಕಮ್ಮಿಯಾಗತೊಡಗಿದರೆ ಯಾರಿಗೆ ಫೋನ್ ಹೋಗಬೇಕು, ಅಡ್ಮಿಟ್ ಆದರೆ ಮನೆಯಲ್ಲಿ ಯಾರಿಗೆ ತಿಳಿಸಬೇಕು, ಯಾರಿಗೆ ಬೇಡ. ಆಮೇಲೆ ನಿಮ್ಮ ಡಾಕ್ಟರ್ ಹತ್ತಿರ ಹೇಳಿ: "ನನ್ನ ಹಾಗೆ ಇರುವವರು ಯಾರಾದರೂ ಮಾತಾಡಲು ಒಪ್ಪಿದರೆ ನನ್ನ ನಂಬರ್ ಕೊಡಿ." ನನಗೆ ಮೊದಲ ಫೋನ್ ಬಂದದ್ದು ಹಾಗೆಯೇ.