ಶೀಟಿನ ಮಾಡಿನಡಿ ತಂತಿ ಎಳೆದರೆ ಶಾರ್ಟ್‌ವೇವ್ ಯಾಕೆ ಸಿಗುವುದಿಲ್ಲ?

ಉಡುಪಿಯ ತಾರಸಿ ಮನೆ, ಮೇಲೆ ತಗಡಿನ ಶೀಟು, ಅದರಡಿ 20 ಮೀಟರ್ ವಯರ್ ಎಳೆದು ರೇಡಿಯೋ ಏರಿಯಲ್ಲಿಗೆ ಕ್ಲಿಪ್ ಹಾಕಿದರೆ ಸ್ಟೇಷನ್ನಿಗಿಂತ ಗುಂಯ್ ಸದ್ದೇ ಜೋರಾಯಿತು ಅಂತ ಕೇಳಿದ್ದೀರಿ. ಉದ್ದ ಸಾಕು, ಜಾಗ ತಪ್ಪು. ಆಕಾಶದಿಂದ ಬರುವುದನ್ನು ಶೀಟು ತಡೆಯುತ್ತದೆ. ಅಡಿಯಲ್ಲಿರುವ ತಂತಿಗೆ ಸಿಗುವುದು ಮನೆಯ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್‌ಗಳ ಗಲಾಟೆ ಮಾತ್ರ.

ಮೊದಲು ಕಳ್ಳನನ್ನು ಹಿಡಿಯಿರಿ. ಸಂಜೆ ರೇಡಿಯೋವನ್ನು ಸೆಲ್ಲಿನಲ್ಲೇ ಹಾಕಿ 31 ಮೀಟರ್ ಬ್ಯಾಂಡಿನಲ್ಲಿ, ಅಂದರೆ 9.4ರಿಂದ 9.9 ಮೆಗಾಹರ್ಟ್ಸ್ ನಡುವೆ, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ. ಮೇನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಆಫ್ ಮಾಡಿ. ಸದ್ದು ಇಳಿಯಿತೇ? ಬೋರ್ಡಿನ ಎಂಸಿಬಿಗಳನ್ನೆಲ್ಲ (ಒಂದೊಂದು ಲೈನಿನ ಸ್ವಿಚ್ಚು) ಇಳಿಸಿ ಮೇನ್ ಹಾಕಿ. ಒಂದೊಂದೇ ಎತ್ತುತ್ತ ಬಂದರೆ ಗದ್ದಲ ಯಾವುದರದ್ದೆಂದು ಗೊತ್ತಾಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬಿನ ಮೇಲೇ ನನಗೆ ಮೊದಲ ಅನುಮಾನ.

ಆಮೇಲೆ ತಂತಿಯನ್ನು ಮನೆಯಿಂದ ದೂರ, ಹಿತ್ತಿಲಿಗೆ ಒಯ್ಯಿರಿ. ವಯರಿಂಗಿನ 1 ಚದರ ಮಿಲಿಮೀಟರ್ ವಯರ್ 15 ಮೀಟರ್ ಸಾಕು, ಪ್ಲಾಸ್ಟಿಕ್ ಸುಲಿಯಬೇಕಿಲ್ಲ. ಎರಡೂ ತುದಿಗೆ ಒಂದು ಗೇಣು ಪಿವಿಸಿ ಪೈಪಿನ ತುಂಡೇ ಇನ್ಸುಲೇಟರ್. ತೆಂಗಿನ ಮರಕ್ಕೆ ಬಿಗಿದು ಕಟ್ಟಿದರೆ ಮಳೆಗಾಲದ ಮೊದಲ ಗಾಳಿಗೇ ತುಂಡಾಗುತ್ತದೆ. ನೈಲಾನ್ ಹಗ್ಗವನ್ನು ಪುಲ್ಲಿಯ ಮೇಲೆ ಹಾಯಿಸಿ, ತುದಿಗೆ ಮರಳು ತುಂಬಿದ ಬಾಟಲಿ ತೂಗಿಬಿಡಿ. ಮರ ತೂಗಿದ ಹಾಗೆ ಬಾಟಲಿ ಏರಿ ಇಳಿಯುತ್ತದೆ. ಮೆಸ್ಕಾಂ ಕರೆಂಟ್ ಲೈನಿನ ಮೇಲೂ ಬೇಡ, ಕೆಳಗೂ ಬೇಡ, ತುಂಡಾಗಿ ಬಿದ್ದರೂ ತಾಗುವಷ್ಟು ಹತ್ತಿರವೂ ಬೇಡ.

ಅಲ್ಲಿಂದ ರೇಡಿಯೋದವರೆಗೆ ಸಿಗ್ನಲ್ ತರುವುದು ಕೇಬಲ್. ಆದರೆ ತಂತಿಗೂ ಕೇಬಲ್ಲಿಗೂ ನೇರ ಸಂಪರ್ಕವಾಗದಂತೆ ತಂತಿಯ ಬುಡದಲ್ಲಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು. ಎಫ್‌ಟಿ140-43 ಎಂಬ ನಂಬರಿನ ಫೆರೈಟ್ ಬಳೆಗೆ (ಟ್ರಾನ್ಸ್‌ಫಾರ್ಮರ್ ಸುತ್ತುವ ಕಪ್ಪು ಉಂಗುರ) ಎನಾಮಲ್ ತಂತಿಯಲ್ಲಿ, ಅಂದರೆ ವಾರ್ನಿಷ್ ಹೊದಿಕೆಯ ತಾಮ್ರದ ತಂತಿಯಲ್ಲಿ, ಒಂದು ಕಡೆ 12 ಸುತ್ತು, ಬೇರೆಯಾಗಿ 4 ಸುತ್ತು. 12 ಸುತ್ತಿನ ಒಂದು ತುದಿ ಆಂಟೆನಾಕ್ಕೆ, ಅಂದರೆ ಹಿತ್ತಿಲಿನ ತಂತಿಗೆ, ಇನ್ನೊಂದು ನೆಲಕ್ಕೆ ಹೊಡೆದ ಅರ್ಥ್ ರಾಡಿಗೆ. 4 ಸುತ್ತಿನ ಎರಡು ತುದಿ ಕೇಬಲ್ಲಿನ ನಡುತಂತಿಗೆ ಮತ್ತು ಜಾಲರಿಗೆ. ಈ ಎರಡು ಸುರುಳಿಗಳನ್ನು ಎಲ್ಲಿಯೂ ಜೋಡಿಸಬೇಡಿ. ಜೋಡಿಸಿದರೆ ಮನೆಯ ಗದ್ದಲ ಜಾಲರಿಯ ಮೇಲೆಯೇ ನಡೆದು ಆಂಟೆನಾ ಸೇರುತ್ತದೆ, ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಕೇಬಲ್ಲಿಗೆ ಡಿಶ್ ಟಿವಿಯ ಆರ್‌ಜಿ-6 ಧಾರಾಳ. ಅದರ ಜಾಲರಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಡಿಶ್ ಕೇಬಲ್ಲಿನ ತುದಿಗೆ ಹಾಕುವ ಎಫ್ ಕನೆಕ್ಟರ್ ಹಾಕಿ. ರೇಡಿಯೋದಲ್ಲಿ ಆಂಟೆನಾ ಸಾಕೆಟ್ ಇಲ್ಲದಿದ್ದರೆ ನಡುತಂತಿ ಏರಿಯಲ್ಲಿಗೆ, ಜಾಲರಿ ಸೆಲ್ಲಿನ ನೆಗೆಟಿವ್ ಸ್ಪ್ರಿಂಗಿಗೆ.

ನಾಲ್ಕಡಿಯ ಅರ್ಥ್ ರಾಡನ್ನು ಬಚ್ಚಲಿನ ನೀರು ಹೋಗುವ ಬಾಳೆಬುಡದಲ್ಲಿ ಹೊಡೆಯಿರಿ. ಬೇಸಿಗೆಯಲ್ಲಿ ಒಣಗಿದ ಮುರಕಲ್ಲಿನ ನೆಲದಲ್ಲಿ ಅರ್ಥ್ ಅಂಬುದು ಹೆಸರಿಗಷ್ಟೇ. ಮನೆಯ ಕರೆಂಟಿನ ಅರ್ಥಿಗೆ ಮಾತ್ರ ಸೇರಿಸಬೇಡಿ, ಅದರಲ್ಲೇ ಗದ್ದಲವಿರುತ್ತದೆ. ಉಪ್ಪುಗಾಳಿಗೆ ತಾಮ್ರ ಹಸಿರಾಗುವ ಊರು ನಮ್ಮದು: ತಾಮ್ರದ ಜೋಡಣೆಗೆಲ್ಲ ಬೆಸುಗೆ ಹಾಕಿ ಡಬ್ಬಿಯೊಳಗಿಡಿ, ಡಬ್ಬಿಯ ತೂತು ಕೆಳಮುಖವಾಗಿರಲಿ.

ಇಷ್ಟಾದ ಮೇಲೆ ಒಂದೇ ಸ್ಟೇಷನ್ ಡಯಲ್ಲಿನ ನಾಲ್ಕು ಕಡೆ ಕೇಳಿಸಿದರೆ ಸಿಗ್ನಲ್ ಅತಿಯಾಗಿದೆ ಎಂದರ್ಥ. ರೇಡಿಯೋದ ಡಿಎಕ್ಸ್-ಲೋಕಲ್ (ದೂರ-ಹತ್ತಿರ) ಸ್ವಿಚ್ಚನ್ನು ಲೋಕಲ್‌ಗೆ ತನ್ನಿ. ಸ್ವಿಚ್ ಇಲ್ಲವೇ? ನಡುತಂತಿಯನ್ನು ನೇರ ತಾಗಿಸದೆ, ಪ್ಲಾಸ್ಟಿಕ್ ಹೊದಿಕೆಯ ವಯರ್ ಸೇರಿಸಿ ಏರಿಯಲ್ಲಿಗೆ ಮೂರು ಸುತ್ತು ಹಾಕಿ.

ಏಪ್ರಿಲ್-ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಇಲ್ಲಿಯ ಗುಡುಗು ಸಿಡಿಲು ಹೇಳಿಕೇಳಿ ಬರುವುದಿಲ್ಲ. ಮೋಡ ಕಾಣಲೆಂದು ಕಾಯದೆ, ಕೇಳಿ ಮುಗಿದ ಕೂಡಲೇ ಕೇಬಲ್ ಬಿಚ್ಚಿ ಗೋಡೆಯ ಹೊರಗೆ ಬಿಡಿ. ರೇಡಿಯೋದ ಮೇಜಿನ ಮೇಲೆ ಸುತ್ತಿಟ್ಟರೆ ಬಿಚ್ಚಿದ ಹಾಗಲ್ಲ.